ಕಾಳಿನ ಕಟ್ಟು ಸಿಂಕಿಗೆ ಹೋದ ದಿನ

ನಾನು ಅಮೆರಿಕದ ಚಾರ್ಲ್ಸ್‌ಟನ್ನಿನ ಹೋಟೆಲೊಂದರಲ್ಲಿ ಲೈನ್ ಕುಕ್, ಅಂದರೆ ಅಡುಗೆಮನೆಯ ಒಂದು ವಿಭಾಗ ನೋಡಿಕೊಳ್ಳುವ ಅಡುಗೆಯವ, ಆಗಿದ್ದಾಗಿನ ಮಾತು. ದಕ್ಷಿಣ ಕೆರೊಲಿನಾದ ಕರಾವಳಿಯಲ್ಲಿ ಹೊಸ ವರ್ಷದ ಮೊದಲ ದಿನ ಹಾಪಿನ್ ಜಾನ್, ಅಂದರೆ ಅಲಸಂದೆ ಜಾತಿಯ ಕಾಳು, ಹೊಗೆಯಾಡಿಸಿದ ಹಂದಿಮಾಂಸ ಮತ್ತು ಅಕ್ಕಿಯ ಅಡುಗೆ, ಆಗಲೇಬೇಕು. ಕಾರ್ಪೊರೇಟ್ ಕಚೇರಿಯ ರೆಸಿಪಿ ಕಾರ್ಡ್ ಮಾತ್ರ ಬೆಂದ ಕಾಳಿನ ನೀರನ್ನು ಬಸಿದು, ಬೇರೆಯಾಗಿ ಮಾಡಿದ ಅನ್ನಕ್ಕೆ ಕಾಳನ್ನು ಬೆರೆಸಲು ಹೇಳುತ್ತಿತ್ತು.

ಪ್ರೆಪ್, ಅಂದರೆ ಅಡುಗೆಯ ಪೂರ್ವತಯಾರಿ, ನಡೆಯುತ್ತಿದ್ದಾಗ, ಗುಲಾಮರಾಗಿ ತರಲಾದ ಆಫ್ರಿಕನ್ನರ ವಂಶಸ್ಥರಾದ ಗಲ್ಲಾ ಗೀಚಿ ಸಮುದಾಯದ ಹಿರಿಯ ಅಡುಗೆಯವರೊಬ್ಬರು ಆ ನೀರನ್ನು ಚೆಲ್ಲಬೇಡ ಎಂದರು. ಮಂಡ್ಯದವನಿಗೆ ಅಕ್ಕಿಯ ಪಾಠವೇ ಎಂಬ ಗರ್ವದಲ್ಲಿ ನಾನು ಅದನ್ನು ಸಿಂಕಿಗೆ ಸುರಿದೆ. ಅಲಸಂದೆ ಕಟ್ಟಿನಲ್ಲಿ ಬಸ್ಸಾರು ಮಾಡುವ ಮನೆಯವನೇ ಹೀಗೆ ಮಾಡಿದ್ದು ಇಂದಿಗೂ ಚುಚ್ಚುತ್ತದೆ.

ಬಫೆಗೆ ಹೋದ ಮೊದಲ ಪ್ಯಾನ್ ಹಾಗೆಯೇ ಉಳಿಯಿತು. ಅನ್ನ ಒಂದು ಕಡೆ, ಕಾಳು ಒಂದು ಕಡೆ, ಎರಡಕ್ಕೂ ರುಚಿಯಿಲ್ಲ. ಜನರಲ್ ಮ್ಯಾನೇಜರ್ ಪಾಸ್ ಬಳಿ, ಅಂದರೆ ಸಿದ್ಧವಾದ ಅಡುಗೆ ಹೊರಗೆ ಹೋಗುವ ಕಟ್ಟೆಯ ಬಳಿ, ಬಂದು ನಿಂತು ಗಡಿಯಾರ ನೋಡತೊಡಗಿದರು. ಆ ಹಿರಿಯರು ನನ್ನ ಮೇಲೆ ಭರವಸೆಯಿಡದೆ ಬೇರೊಂದು ಪಾತ್ರೆಯಲ್ಲಿ ಕಾಳು ಬೇಯಲಿಟ್ಟಿದ್ದರು; ತೊಳೆದ ಅಕ್ಕಿಯನ್ನು ಅದೇ ಕಟ್ಟಿಗೆ ಸುರಿದು, ಉರಿ ತಗ್ಗಿಸಿ ಮುಚ್ಚಿದರು. ಕಾಯುವುದಾಗದೆ ನಾನು ಮುಚ್ಚಳಕ್ಕೆ ಕೈಹಾಕಿದೆ. ಅವರು ಸೌಟಿನಿಂದ ನನ್ನ ಕೈಯನ್ನು ತಡೆದರು. "ಇನ್ನೆಷ್ಟು ಹೊತ್ತು?" ಎಂದು ಮ್ಯಾನೇಜರ್ ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: "ಆದಾಗ." ಮುಚ್ಚಳ ತೆಗೆದಾಗ ಅಗುಳು ಅಗುಳೂ ಬಿಡಿಯಾಗಿ, ಕಾಳಿನ ಬಣ್ಣ ಹೀರಿಕೊಂಡಿತ್ತು.

ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಇಂದಿಗೂ ಹೀಗೆಯೇ ಅಕ್ಕಿ ಮತ್ತು ಅಲಸಂದೆಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ಪಶ್ಚಿಮ ಆಫ್ರಿಕಾದ ಭತ್ತದ ನಾಡುಗಳಿಂದ ಗುಲಾಮರಾಗಿ ತರಲಾದ ಅನೇಕರು ಕೆರೊಲಿನಾದ ಜೌಗುನೆಲವನ್ನು ಗದ್ದೆ ಮಾಡುವ ದುಡಿಮೆಯನ್ನಷ್ಟೇ ಅಲ್ಲ, ಬೆಳೆದದ್ದನ್ನು ಕುಟ್ಟಿ, ಕೇರಿ, ಬೇಯಿಸುವ ತಿಳಿವನ್ನೂ ಇಲ್ಲಿಗೆ ಕೊಟ್ಟರು. 1847ರಲ್ಲಿ ಚಾರ್ಲ್ಸ್‌ಟನ್ನಿನ ಸಿರಿವಂತ ಮನೆತನದ ಮಹಿಳೆಯೊಬ್ಬರು ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿಯೂ ಹಾಪಿನ್ ಜಾನ್‌ಗೆ ಅಕ್ಕಿ ಬೀಳುವುದು ಕಾಳು ಬೆಂದ ಪಾತ್ರೆಗೇ. ಅಂತಹ ಮನೆಗಳಲ್ಲಿ ಒಲೆಯ ಮುಂದೆ ನಿಲ್ಲುತ್ತಿದ್ದವರು ಗುಲಾಮಗಿರಿಯಲ್ಲಿದ್ದ ಕಪ್ಪು ಜನರು. ಪುಸ್ತಕದಲ್ಲಿ ವಿಧಾನ ಉಳಿಯಿತು, ಅವರ ಹೆಸರುಗಳು ಉಳಿಯಲಿಲ್ಲ. ನಮ್ಮ ಕಾರ್ಡಿನಲ್ಲಿ ವಿಧಾನವೂ ಇರಲಿಲ್ಲ.

ಕಾರ್ಡ್ ತಿದ್ದಬೇಕೆಂದು ನಾನು ಬರೆದು ಕೇಳಿದೆ. ಹಾಗೆ ಮಾಡಿದರೆ ಯೀಲ್ಡ್ ಲೆಕ್ಕ, ಅಂದರೆ ಇಷ್ಟು ಸಾಮಗ್ರಿಗೆ ಇಷ್ಟು ಅಡುಗೆ ಎಂಬ ಲೆಕ್ಕ, ಹೊಂದುವುದಿಲ್ಲವೆಂದು ಉತ್ತರ ಬಂತು. ಮುಂದೆ ನನ್ನನ್ನು ಲೀಡ್ ಕುಕ್, ಅಂದರೆ ತಂಡದ ಮುಂದಾಳು, ಮಾಡಿದರು. ನನಗೆ ಈ ಅಡುಗೆ ಕಲಿಸಿದವರ ಹುದ್ದೆ ಪ್ರೆಪ್ ಕುಕ್ ಆಗಿಯೇ ಇತ್ತು.