ಸ್ಯಾಚ್ಮೋ ಹಾಡಿಗೆ ಅಪ್ಪ ತಾಳ ಹಾಕಿದ್ದು

ನ್ಯೂಯಾರ್ಕಿನ ಫ್ಲಷಿಂಗ್ ಗಣೇಶನ ದೇವಸ್ಥಾನದ ಕ್ಯಾಂಟೀನ್‌ನಲ್ಲಿ ಮಸಾಲೆ ದೋಸೆ ತಿಂದು ಕೈ ತೊಳೆಯುವಾಗ ಅಪ್ಪ ಕೇಳಿದರು, "ಇನ್ನೆಲ್ಲಿಗೋ?"

"ಇಲ್ಲೇ ಹತ್ತಿರ ಅಪ್ಪ. ಆರ್ಮ್‌ಸ್ಟ್ರಾಂಗ್ ಮನೆ."

"ಚಂದ್ರನ ಮೇಲೆ ಹೋದವನಾ?"

ಕೇಳೇ ಕೇಳ್ತಾರೆ ಅಂತ ಗೊತ್ತಿತ್ತು. ಇವರು ಜಾಝ್ ಸಂಗೀತದ ಲೂಯಿ ಆರ್ಮ್‌ಸ್ಟ್ರಾಂಗ್, ಸ್ಯಾಚ್ಮೋ ಅಂತ ಅಡ್ಡಹೆಸರು, ಟ್ರಂಪೆಟ್ ಊದುತ್ತಿದ್ದವರು, ಹಾಡುತ್ತಲೂ ಇದ್ದರು ಅಂದೆ. ಅಪ್ಪ ಮೈಸೂರಿನ 8ನೇ ಕ್ರಾಸ್ ಗಣೇಶೋತ್ಸವದ ಸಂಗೀತ ಕಚೇರಿಗಳನ್ನು, ಮೃದಂಗದವರು ತಾವೇ ನುಡಿಸುವ ತನಿಯ ಸಮೇತ, ವರ್ಷ ವರ್ಷವೂ ಬಿಡದೆ ಕೇಳಿದ ಮನುಷ್ಯ. "ಬ್ಯಾಂಡ್‌ಸೆಟ್ಟಾ?" ಅಂದುಬಿಟ್ಟರು. ನಾನು ಉತ್ತರ ಕೊಡಲಿಲ್ಲ. 7 ನಂಬರ್ ರೈಲು ಹತ್ತಿ 103ನೇ ಬೀದಿಯಲ್ಲಿ ಇಳಿದೆವು.

ಕರೋನಾ ಅನ್ನುವ ಬಡಾವಣೆ. ಹೌದು, ಹೆಸರೇ ಹಾಗೆ. ಸಾಧಾರಣ ಇಟ್ಟಿಗೆ ಮನೆ, ಅಕ್ಕಪಕ್ಕದಲ್ಲೂ ಅಂಥವೇ. ಆರ್ಮ್‌ಸ್ಟ್ರಾಂಗ್ ಅವರ ಹೆಂಡತಿ ಲೂಸಿಲ್ 1943ರಲ್ಲಿ ಈ ಮನೆ ತೆಗೆದುಕೊಂಡಾಗ ಅವರು ಕಚೇರಿ ಅಂತ ಊರೂರು ಸುತ್ತುತ್ತಿದ್ದರು. ವಾಪಸ್ ಬಂದವರಿಗೆ ಇದು ತಮ್ಮದೇ ಮನೆ ಅಂತ ನಂಬಿಕೆ ಬರದೆ, ಟ್ಯಾಕ್ಸಿಯವನಿಗೆ ಸ್ವಲ್ಪ ನಿಂತಿರು ಅಂದರಂತೆ. ಆಮೇಲೆ 1971ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ಅಷ್ಟು ಹೆಸರು, ದುಡ್ಡು ಬಂದಮೇಲೂ ಬೇರೆ ಕಡೆ ಹೋಗಲಿಲ್ಲ.

ಅಪ್ಪನಿಗೆ ಬಚ್ಚಲುಮನೆಯ ಚಿನ್ನದ ಬಣ್ಣದ ನಲ್ಲಿಗಳು, ಪೂರ್ತಿ ನೀಲಿ ಅಡುಗೆಮನೆ ಹಿಡಿಸಿದವು. ನನಗೆ ಹಿಡಿಸಿದ್ದು ಮೇಲಿನ ಓದುವ ಕೋಣೆ. ಅಲ್ಲಿ ಟೇಪ್ ರೆಕಾರ್ಡರ್‌ಗಳಿವೆ. ಹರಟೆ, ಜೋಕು, ಹಾಡು, ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳೋದು, ಆ ಟೇಪಿನ ಡಬ್ಬಿಗಳ ಮೇಲೆ ಚಿತ್ರ ಕತ್ತರಿಸಿ ಅಂಟಿಸೋದು ಅವರ ಹುಚ್ಚು. ಗೈಡ್ ಒಂದು ತುಣುಕು ಹಾಕಿದರು. ಆ ಒಡಕು ದನಿ ಕೋಣೆ ತುಂಬಿತು.

"ಪಾಪ, ಗಂಟಲು ಕೆಟ್ಟಿದೆ. ಕಾಳುಮೆಣಸಿನ ಕಷಾಯ ಕುಡೀಬೇಕಿತ್ತು," ಅಂದರು ಅಪ್ಪ, ನನ್ನ ಕಿವಿಯಲ್ಲಿ.

ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. 1967ರ ಆ 'ವಂಡರ್‌ಫುಲ್ ವರ್ಲ್ಡ್' ಹಾಡೊಂದೇ ಗೊತ್ತಿದ್ದದ್ದು. ನಗುಮುಖದ ಅಜ್ಜ, ಕೈಯಲ್ಲಿ ಬಿಳಿ ಕರ್ಚೀಫು, ಅಷ್ಟೇ. ಹಾಗಾಗಿ ವಾಪಸ್ ಬರುವಾಗ, ರೈಲ್ವೆ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಇಯರ್‌ಫೋನಿನ ಒಂದು ತುದಿ ಅಪ್ಪನ ಕಿವಿಗಿಟ್ಟು 'ವೆಸ್ಟ್ ಎಂಡ್ ಬ್ಲೂಸ್' ಹಾಕಿದೆ. 1928ರ ಜೂನ್‌ನಲ್ಲಿ ಷಿಕಾಗೋದಲ್ಲಿ ರೆಕಾರ್ಡ್ ಆದದ್ದು. ಆಗ ಅವರಿಗೆ 26 ವರ್ಷ. ರಚನೆ ಅವರ ಗುರು ಕಿಂಗ್ ಆಲಿವರ್‌ದು.

ಶುರುವಿಗೆ ಟ್ರಂಪೆಟ್ ಒಂದೇ. ಹನ್ನೆರಡು ಸೆಕೆಂಡಿನಷ್ಟು. ಹಿಂದೆ ತಾಳವಿಲ್ಲ, ಯಾರೂ ಇಲ್ಲ. ಮೇಲಕ್ಕೆ ಜಿಗಿದು, ಅಲ್ಲಿಂದ ಮಡಿಸಿಕೊಳ್ಳುತ್ತಾ ಕೆಳಗಿಳಿಯುತ್ತೆ. ಅಪ್ಪ ತಲೆ ಎತ್ತಿದರು. "ಆಲಾಪನೆ!"

ಸ್ವಲ್ಪ ಹೊತ್ತಿಗೆ ಹಾಡು ಬಂತು. ಸಾಹಿತ್ಯ ಇಲ್ಲ. ಕ್ಲಾರಿನೆಟ್ ಒಂದು ಮಾತು ನುಡಿಸುತ್ತೆ, ಇವರು 'ವಾ ವಾ ದಾ' ಅಂತ ಉತ್ತರ ಕೊಡ್ತಾರೆ. ದನಿ ಮೆತ್ತಗಿದೆ.

"ಇದು ಅದೇ ಗಂಟಲಾ?"

"ಅದೇ."

"ಊದಿದ ಹಾಗೇ ಹಾಡ್ತಾನಲ್ಲೋ. ಉಸಿರು ಬಿಡೋ ಜಾಗವೂ ಒಂದೇ."

ಹತ್ತು ವರ್ಷದಿಂದ ಜಾಝ್ ಕೇಳ್ತಿದೀನಿ. ಇದು ನನಗೆ ಹೊಳೆದೇ ಇರಲಿಲ್ಲ.

ಪಿಯಾನೋ ಮುಗಿದು ಟ್ರಂಪೆಟ್ ಮತ್ತೆ ಬಂತು. ಒಂದೇ ಮೇಲಿನ ಸ್ವರ ಹಿಡಿದು ನಿಂತಿತು. ಅಷ್ಟರಲ್ಲಿ ಅಪ್ಪನ ಕೈ ತೊಡೆಯ ಮೇಲೆ ಆದಿತಾಳ ಹಾಕುತ್ತಿತ್ತು. ಒಂದು ಆವರ್ತ ಮುಗಿಯಿತು. ಸ್ವರ ಅಲ್ಲೇ ಇದೆ. ಎರಡನೆಯದು ಮುಗಿಯಲು ಬಂದಾಗ ಟ್ರಂಪೆಟ್ ಬಿಟ್ಟು ಕೆಳಗೆ ಉರುಳಿತು. ಅಪ್ಪ ತಾವೂ ಕಟ್ಟಿಕೊಂಡಿದ್ದ ಉಸಿರನ್ನು ಉಸ್ಸಪ್ಪಾ ಅಂತ ಬಿಟ್ಟರು.

ಕಟ್ಟಕಡೆಗೆ 'ಟಕ್' ಅಂತ ಒಂದು ಸಣ್ಣ ಸದ್ದು. ಡ್ರಮ್ಮರ್ ಜಟಿ ಸಿಂಗಲ್‌ಟನ್, ಕೈಯಲ್ಲಿ ಹಿಡಿಯುವ ಪುಟ್ಟ ಸಿಂಬಲ್ ತಟ್ಟಿದ್ದು.

"ಯಾರದು? ಮಧ್ಯದಲ್ಲೂ ಕುದುರೆ ನಡೆದ ಹಾಗೆ ಟಕಟಕ ಅಂತಿದ್ದವನಾ?"

"ಹೂಂ, ಅವನೇ."

ಅಪ್ಪ ಇಯರ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. ಮುಖದಲ್ಲಿ ನಿಜವಾದ ಬೇಜಾರು. "ಪಾಪ, ಅವನಿಗೆ ತನಿ ಬಿಡಲೇ ಇಲ್ವಲ್ಲೋ!"