ನಾಯಕ ಸತ್ತ ಮೇಲೆ ಅವಳು

ಸೀರಿಯಲ್‌ನಲ್ಲಿ ನಾಯಕ ಸತ್ತ. ವಾರಗಟ್ಟಲೆ ಅತ್ತ ನಾಯಕಿಯನ್ನು ‘ಆರು ತಿಂಗಳ ನಂತರ’ ಅಂತ ಒಂದು ಸಾಲು ಹಾಕಿ ಮುಂದೆ ದಾಟಿಸಿಬಿಟ್ಟರು. ನನಗೆ ಬೇಕಿದ್ದದ್ದೇ ಆ ಆರು ತಿಂಗಳು! ಸುಮ್ನೆ ಮನಸ್ಸಿನಲ್ಲೇ ಅವಳನ್ನು ನಮ್ಮ ಧಾರವಾಡಕ್ಕೆ ಕರೆತಂದು ನೋಡಿದೆ. 21 ದಿನದೊಳಗೆ ಮರಣ ನೋಂದಣಿ, ಆಮೇಲೆ ಬ್ಯಾಂಕು, ಗ್ಯಾಸು, ರೇಷನ್ ಕಾರ್ಡು ಅಂತ ಅದೇ ಮರಣ ಪತ್ರದ ಝೆರಾಕ್ಸ್ ಹಿಡಿದು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಓಡಾಟ, ಉಣಕಲ್ ಕೆರೆ ಬಂದಾಗ ಕಿಟಕಿ ಪಕ್ಕ ಕೂತು ಅಳುತ್ತಾಳೆ ಅಂದುಕೊಂಡರೆ ಇಲ್ಲ, ನಿದ್ದೆ ಹೋಗಿರುತ್ತಾಳೆ, ಪಾಪ. ಅಳು ಬರೋದು ಮನೆಯಲ್ಲಿ, ತನ್ನೊಬ್ಬಳಿಗೇ ರೊಟ್ಟಿ ಬಡಿಯುವಾಗ. ಅದಕ್ಕೆ ಹಿನ್ನೆಲೆ ಸಂಗೀತ ಇರೋದಿಲ್ಲ ಅಲ್ವಾ? ಮುಂದೆ ಅವಳ ಬಾಳಿಗೆ ಇನ್ನೊಬ್ಬ ಬರಬಹುದು, ಬರಲಿ. ಆದರೆ ಸತ್ತವನನ್ನೇ ಅವಳಿ ತಮ್ಮ ಅಂತ ಮಾತ್ರ ವಾಪಸ್ ತರಬೇಡ್ರಪ್ಪಾ!