ತೀರ್ಥದ ಬಾಟಲಿ ಮತ್ತು ಬಿಳಿ ಬೋರ್ಡಿನ ಕಾರು

ಭಾವ ಪ್ರತಿ ಸಲ ತಿರುವಿಗೆ ಬಂದಾಗಲೂ ಕಾರಿನ ವೈಪರ್ ಆಡತೊಡಗುತ್ತಿತ್ತು. ಅವರಿರುವ ನ್ಯೂಜೆರ್ಸಿಯ ಕಾರುಗಳಲ್ಲಿ ಇಂಡಿಕೇಟರಿನ ಕಡ್ಡಿ ಸ್ಟಿಯರಿಂಗಿನ ಎಡಕ್ಕಿರುತ್ತದೆ, ನಮ್ಮ ಬಹುಪಾಲು ಕಾರುಗಳಲ್ಲಿ ಬಲಕ್ಕೆ. ಹದಿನಾರು ವರ್ಷದ ರೂಢಿ ಕೈಬಿಟ್ಟು ಅಷ್ಟು ಬೇಗ ಹೋಗುತ್ತದೆಯೇ? ಮೈಸೂರಿನಿಂದ ಮಡಿಕೇರಿಗೆ ಹೊರಟ ನಾವು ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಕುಶಾಲನಗರದ ಕಾವೇರಿ ಸೇತುವೆ ತಲುಪುವಷ್ಟರಲ್ಲಿ ಮುಂದಿನ ಗಾಜಿನ ಮೇಲೆ ಧೂಳಿನದೇ ಎರಡು ಕಾಮನಬಿಲ್ಲುಗಳು ಮೂಡಿದ್ದವು. ಡಿಸೆಂಬರಿನ ಒಣ ಬಿಸಿಲು. ಹಿಂದೆ ಕುಳಿತಿದ್ದ ಅಕ್ಕ ವೈಪರ್ ಆಡಿದಾಗಲೆಲ್ಲ “ಮಳೆ ಬಂತು” ಎನ್ನುತ್ತಿದ್ದಳು.

ಟ್ಯಾಕ್ಸಿ ಮಾಡೋಣ ಎಂದು ನಾನು ಮೊದಲೇ ಹೇಳಿದ್ದೆ. ನನಗೆ ಸ್ಕೂಟರ್ ಬಿಟ್ಟು ಬೇರೇನೂ ಓಡಿಸಲು ಬಾರದು. ಆದರೆ ಭಾವ ಒಪ್ಪಲಿಲ್ಲ. “ಯಾವ ಊರಿಗೆ ಹೋದರೂ ನಾನು ಬಾಡಿಗೆ ಕಾರು ತೆಗೆದುಕೊಂಡು ನಾನೇ ಓಡಿಸುತ್ತೇನೆ. ನನ್ನ ದೇಶದಲ್ಲಿ ಮಾತ್ರ ಹಿಂದಿನ ಸೀಟಿನಲ್ಲಿ ಕೂರಬೇಕೇ?” ಎಂದರು. ಮೈಸೂರಿನ ಮನೆಯಲ್ಲಿ ಎರಡು ದಿನ ಊಟದ ಹೊತ್ತಿಗೆಲ್ಲ ಅದೇ ಕಥೆ. ಅಮೆರಿಕದಲ್ಲಿ ವಿಮಾನ ನಿಲ್ದಾಣದಲ್ಲಿ ಇಳಿದರೆ ಸಾಲಾಗಿ ಕಾರುಗಳು ನಿಂತಿರುತ್ತವೆ. ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಒಂದಿಷ್ಟು ಹಣ ತಡೆಹಿಡಿಯುತ್ತಾರೆ, ಜೊತೆಗೆ ಹಾನಿಯ ಹೊಣೆಯಿಂದ ಪಾರುಮಾಡುವ ವಿಮೆ ಕೊಳ್ಳಿ ಎಂದು ದುಂಬಾಲು ಬೀಳುತ್ತಾರೆ. ಕಾರ್ಡಿನಲ್ಲೇ ಆ ಸೌಲಭ್ಯ ಇರುವ ಜಾಣರು ಬೇಡ ಎಂದು ಮುಂದೆ ಹೋಗುತ್ತಾರೆ. ಭಾವ ಆ ಜಾಣರಲ್ಲಿ ಒಬ್ಬರು. ಇಲ್ಲಿನ ಲೈಸೆನ್ಸ್ ಅವಧಿ ಮೀರಿದ್ದರಿಂದ ಹೊರಡುವ ಮೊದಲೇ ಒಂದು ವರ್ಷಕ್ಕೆ ಸಿಂಧುವಾದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಂಡು ಬಂದಿದ್ದರು. ಬೂದು ಬಣ್ಣದ ಪುಟ್ಟ ಪುಸ್ತಿಕೆ, ಒಳಗೆ ಅದೇ ವಿಷಯ ಹಲವು ಭಾಷೆಗಳಲ್ಲಿ. ಅದೊಂದೇ ಇದ್ದರೆ ಸಾಲದು, ಮೂಲ ಲೈಸೆನ್ಸ್ ಕೂಡ ಜೊತೆಗಿರಬೇಕು. ಎರಡನ್ನೂ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದರು.

ಕಾರು ಕೊಟ್ಟವನು ಆ ಪುಸ್ತಿಕೆಯನ್ನು ತೆರೆಯಲೂ ಇಲ್ಲ. ಲೈಸೆನ್ಸಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡ, 10,000 ರೂಪಾಯಿ ಠೇವಣಿ ಪಡೆದ, ಕೀಲಿ ಕೊಟ್ಟ. ಆಮೇಲೆ, “ದಾರಿಯಲ್ಲಿ ಯಾರಾದರೂ ಕೇಳಿದರೆ ಸ್ನೇಹಿತರ ಕಾರು ಎಂದುಬಿಡಿ ಸರ್” ಎಂದ. ಆ ಮಾತನ್ನು ನಾವು ಮೂವರೂ ಕೇಳಿಸಿಕೊಂಡೆವು, ಮೂವರೂ ನಕ್ಕೆವು.

ಮಡಿಕೇರಿಯ ಮೊದಲ ದಿನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ರಾಜಾಸೀಟಿನಲ್ಲಿ ಸೂರ್ಯ ಮುಳುಗಿದ್ದನ್ನು ಎದುರಿಗಿದ್ದವರ ಮೊಬೈಲ್ ಪರದೆಗಳಲ್ಲಿ ನೋಡಿದೆವು. ಮೂರು ಹೆಜ್ಜೆಗೊಂದು ಚಾಕೊಲೇಟ್ ಅಂಗಡಿ. ಕಾಫಿ, ಮೆಣಸು, ಜೇನು ಬೆಳೆಯುವ ನಾಡಿಗೆ ಈ ಚಾಕೊಲೇಟಿನ ನಂಟು ಯಾರು ಗಂಟು ಹಾಕಿದರೋ. ರಾತ್ರಿ ಉಳಿದ ಮನೆಯಲ್ಲಿ ಮಾತ್ರ ಅಕ್ಕಿಯ ಉಂಡೆ ಕಡುಬಾದ ಕಡಂಬುಟ್ಟಿನೊಂದಿಗೆ ಹಂದಿಮಾಂಸದ ಪಂದಿಕರಿ ಬಡಿಸಿದರು. ಕಾಚಂಪುಳಿಯ ಆ ಕಪ್ಪು ಹುಳಿಗೆ ಸಾಟಿಯಾದದ್ದನ್ನು ನಾನು ಬೇರೆಲ್ಲೂ ತಿಂದಿಲ್ಲ. ಅಕ್ಕ ಮರುದಿನ ತಲಕಾವೇರಿಗೆ ಹೋಗುವುದಿದೆ ಎಂದು ಮೊಸರನ್ನ ಉಂಡು ಮಲಗಿದಳು.

ತಲಕಾವೇರಿಗೆ ಭಾಗಮಂಡಲದಿಂದ ಎಂಟು ಕಿಲೋಮೀಟರ್ ಏರು. ಹತ್ತುವಾಗ ತೊಂದರೆಯಾಗಲಿಲ್ಲ, ಕಾರು ಎರಡು ಸಲ ನಿಂತುಹೋದದ್ದು ಬಿಟ್ಟರೆ. ಅಕ್ಕ ಕಾವೇರಿ ಹುಟ್ಟುವ ಪುಟ್ಟ ಕೊಳವಾದ ಕುಂಡಿಕೆಗೆ ಪೂಜೆ ಮಾಡಿಸಿ, ಒಂದು ಲೀಟರಿನ ಬಾಟಲಿಯಲ್ಲಿ ತೀರ್ಥ ತುಂಬಿಸಿಕೊಂಡಳು. ಅರ್ಧ ಅಮೆರಿಕಕ್ಕೆ, ಅರ್ಧ ಅಮ್ಮನ ದೇವರ ಗೂಡಿಗೆ.

ಇಳಿಯಲು ಶುರು ಮಾಡಿ ಮೂರೋ ನಾಲ್ಕೋ ಕಿಲೋಮೀಟರ್ ಆಗಿರಬೇಕು. ಸುಟ್ಟ ವಾಸನೆ ಬಂತು. ಯಾರೋ ತೋಟದಲ್ಲಿ ಕಸ ಸುಡುತ್ತಿದ್ದಾರೆ ಎಂದರು ಭಾವ. ವಾಸನೆ ನಮ್ಮ ಜೊತೆಯಲ್ಲೇ ತಿರುವು ತಿರುಗುತ್ತಿತ್ತು. ಮುಂದಿನ ತಿರುವಿನಲ್ಲಿ “ಪೆಡಲ್ ಮೆತ್ತಗಾಗಿದೆ” ಎಂದವರ ದನಿಯೂ ಮೆತ್ತಗಾಗಿತ್ತು. ಹೇಗೋ ಒಂದು ಮೋರಿಕಟ್ಟೆಯ ಪಕ್ಕ ನಿಲ್ಲಿಸಿದರು. ಮುಂದಿನ ಚಕ್ರಗಳ ಒಳಗಿನಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಅಕ್ಕ ಸರಸರನೆ ಇಳಿದು ಬಾಟಲಿಯ ಮುಚ್ಚಳ ತಿರುಗಿಸಿದಳು.

“ಅಮ್ಮಾ, ಬೇಡ. ನೀರು ಹಾಕಬೇಡಿ.”

ಮೋರಿಕಟ್ಟೆಯ ಮೇಲೆ ಒಬ್ಬರು ಕುಳಿತಿದ್ದರು. ಎಪ್ಪತ್ತು ದಾಟಿದ ವಯಸ್ಸು, ತಲೆಗೆ ಮಫ್ಲರ್, ಕೈಯಲ್ಲಿ ಮಡಚಿದ ಕತ್ತಿ. ಎದ್ದು ಬಂದು, ಒಲೆಯ ಬಿಸಿ ನೋಡುವಂತೆ ಚಕ್ರದಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದರು. ಕೆಂಡದಂತೆ ಕಾದ ಬ್ರೇಕಿನ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆ, ತಾನಾಗಿ ಆರಬೇಕು ಎಂದರು. ಆಮೇಲೆ ಬಾಟಲಿ ನೋಡಿ, “ತೀರ್ಥವೋ? ಅದು ದೇವರ ಮನೆಗಿರಲಿ” ಎಂದರು.

ಭಾವನನ್ನು ಕೇಳಿದ್ದು ಒಂದೇ ಪ್ರಶ್ನೆ. “ಎಷ್ಟನೇ ಗೇರಿನಲ್ಲಿ ಇಳಿಸಿದಿರಿ?”

ಭಾವ ಗೇರಿನಲ್ಲೇ ಇರಲಿಲ್ಲ. ಅಲ್ಲಿ ಗೇರು ತಾನಾಗಿ ಬದಲಾಗುವ ಕಾರು ಓಡಿಸಿದವರಿಗೆ ಇಲ್ಲಿ ಕ್ಲಚ್ಚೇ ಭಯ. ಅದನ್ನು ಒತ್ತಿ ಹಿಡಿದು, ಇಳಿಜಾರು ಪೂರ್ತಿ ಬ್ರೇಕಿನ ಮೇಲೆಯೇ ಕಾಲಿಟ್ಟು ಬಂದಿದ್ದರು.

“ಇಳಿಸುವುದು ಇಂಜಿನ್, ನಿಲ್ಲಿಸುವುದು ಬ್ರೇಕು” ಎಂದರು ಹಿರಿಯರು. “ಯಾವ ಗೇರಿನಲ್ಲಿ ಹತ್ತಿದಿರೋ ಅದರಲ್ಲೇ ಇಳಿಯಬೇಕು. ಹತ್ತುವಾಗ ಎರಡನೆಯದು ತಾನೇ?”

ಮೂವತ್ತು ವರ್ಷ ಇದೇ ದಾರಿಯಲ್ಲಿ ಜೀಪು ಓಡಿಸಿದವರಂತೆ. ಭಾವನಿಗೆ ಅವಮಾನವಾದದ್ದು ಮುಖದಲ್ಲಿ ಕಾಣುತ್ತಿತ್ತು. ತಮಗೆ ಓಡಿಸಲು ಬರುತ್ತದೆ ಎಂದು ತೋರಿಸಲೋ ಏನೋ, ಜೇಬಿನಿಂದ ಬೂದು ಪುಸ್ತಿಕೆ ತೆಗೆದು ಕೊಟ್ಟರು. ಇಡೀ ಪ್ರವಾಸದಲ್ಲಿ ಅದನ್ನು ಪುಟ ಪುಟವಾಗಿ ತಿರುಗಿಸಿ ನೋಡಿದವರು ಅವರೊಬ್ಬರೇ.

“ಇಷ್ಟು ಭಾಷೆಯಲ್ಲಿ ಬರೆದಿದ್ದಾರೆ. ಇಳಿಜಾರಿನ ಪುಟ ಎಲ್ಲಿದೆ?”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಭಾವನೂ ನಕ್ಕರು, ಸ್ವಲ್ಪ ತಡವಾಗಿ.

ಬ್ರೇಕು ಆರುವವರೆಗೆ ಮುಕ್ಕಾಲು ಗಂಟೆ ಕಟ್ಟೆಯ ಮೇಲೆ ಕುಳಿತೆವು. ಮಾತಿನ ನಡುವೆ ಅವರ ಕಣ್ಣು ನಂಬರ್ ಪ್ಲೇಟಿನ ಮೇಲೆ ಬಿತ್ತು. ಬಾಡಿಗೆ ಗಾಡಿ ಎಂದಿರಲ್ಲ, ಬೋರ್ಡು ಬಿಳಿ ಇದೆಯಲ್ಲ ಎಂದರು. ಟ್ಯಾಕ್ಸಿಗಾದರೆ ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ. ಬಾಡಿಗೆಗೆ ಪಡೆದು ನಾವೇ ಓಡಿಸುವ ಕಾರಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ. ಬಿಳಿ ಬೋರ್ಡು ಸ್ವಂತ ಬಳಕೆಗೆ ಮಾತ್ರ. “ಈ ಮೋರಿಯಿಂದ ಕೆಳಗೆ ಹೋಗಿದ್ದರೆ ವಿಮೆಯವರು ಕೈ ಎತ್ತುತ್ತಿದ್ದರು. ಬಾಡಿಗೆಗೆ ಬಿಟ್ಟ ಗಾಡಿಗೆ ಆ ವಿಮೆ ನಡೆಯುವುದಿಲ್ಲ.” ಅವರ ದನಿ ಮೊದಲ ಸಲ ಗಡುಸಾಯಿತು. ಮಗ ಮಡಿಕೇರಿಯಲ್ಲಿ ಹಳದಿ ಬೋರ್ಡಿನ ಜೀಪು ಓಡಿಸುತ್ತಾನೆ, ಪರ್ಮಿಟ್ಟು, ತೆರಿಗೆ, ಗಾಡಿ ಸುಸ್ಥಿತಿಯಲ್ಲಿದೆ ಎಂಬ ಎಫ್‌ಸಿ ಎಲ್ಲ ಕಟ್ಟಿ. “ನಿಮ್ಮಂಥವರು ಹೀಗೆ ಬಂದರೆ ಅವನು ಯಾರನ್ನು ಕೂರಿಸಿಕೊಳ್ಳಬೇಕು?”

ಉತ್ತರವಿರಲಿಲ್ಲ. ‘ಸ್ನೇಹಿತರ ಕಾರು’ ಎಂಬ ಮಾತಿನ ಅರ್ಥ ನಮಗೆ ಹೊಳೆದದ್ದೂ ಆಗಲೇ.

ಅವರೂ ಭಾಗಮಂಡಲಕ್ಕೇ ಹೋಗಬೇಕಿತ್ತು. ನಾನು ಹಿಂದಕ್ಕೆ ಹೋದೆ, ಅವರು ಮುಂದೆ ಕುಳಿತರು. ಕತ್ತಿಯನ್ನು ಕಾಲಿನ ಬಳಿ ಇಟ್ಟುಕೊಂಡು ರಸ್ತೆಯಿಂದ ಕಣ್ಣು ತೆಗೆಯದೆ “ಎರಡು”, “ಎರಡೇ ಇರಲಿ”, “ಈಗ ಒಂದು” ಎನ್ನುತ್ತ ಬಂದರು. ಇಂಜಿನ್ ಗುಂಯ್ ಎನ್ನುತ್ತಿತ್ತು, ಕಾರು ಎಮ್ಮೆಯಂತೆ ನಿಧಾನವಾಗಿ ಇಳಿಯುತ್ತಿತ್ತು. ಕೊಯ್ಲಿನ ಹೆಂಗಸರನ್ನು ತುಂಬಿಕೊಂಡ ಜೀಪೊಂದು ಎದುರಿಗೆ ಏರಿ ಬಂತು. “ನಿಲ್ಲಿಸಿ, ಏರುವವರಿಗೆ ಮೊದಲು ದಾರಿ” ಎಂದರು. ಭಾವ ಪಕ್ಕಕ್ಕೆ ಸರಿಯಲು ಇಂಡಿಕೇಟರ್ ಹಾಕಿದರು, ವೈಪರ್ ಆಡಿತು.

“ಇದೇನು?”

“ಮಳೆ” ಎಂದಳು ಅಕ್ಕ.

ಭಾಗಮಂಡಲದಲ್ಲಿ ಇಳಿಯುವಾಗ ಭಾವ ಪರ್ಸ್ ತೆಗೆದರು. ದುಡ್ಡು ಬೇಡ, ನಾಳೆ ಮಾಂದಲಪಟ್ಟಿ ಬೆಟ್ಟ ನೋಡಲು ಹೋಗುವುದಾದರೆ ಮಗನ ಜೀಪಿನಲ್ಲಿ ಹೋಗಿ ಎಂದು ನಂಬರ್ ಕೊಟ್ಟರು. ಹೋದೆವು. ಮಗ ಪೂರ್ತಿ ಬಾಡಿಗೆ ತೆಗೆದುಕೊಂಡ, ಒಂದು ರೂಪಾಯಿಯನ್ನೂ ಬಿಡಲಿಲ್ಲ. ಮಾಂದಲಪಟ್ಟಿಯಲ್ಲಿ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ.

ಮೈಸೂರಿನಲ್ಲಿ ಕಾರು ಒಪ್ಪಿಸುವಾಗ ಕಾರು ಕೊಟ್ಟಿದ್ದ ಹುಡುಗ ನೆಲಕ್ಕೆ ಬಗ್ಗಿ, ಮುಂದಿನ ಬಂಪರಿನ ಅಡಿಯಲ್ಲಿ ಒಂದು ಗೀರು ತೋರಿಸಿದ. ಅಂಚಿನಲ್ಲಿ ಕೊಳೆ ಕಟ್ಟಿದ ಹಳೆಯ ಗೀರು. 2,500 ರೂಪಾಯಿ ಹಿಡಿದುಕೊಂಡ, ಸ್ವಚ್ಛತೆಗೆಂದು ಇನ್ನೊಂದು 300. ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕಾರು ಪಡೆಯುವ ಮೊದಲು ಸುತ್ತಲೂ ವಿಡಿಯೊ ಮಾಡಿಕೊಳ್ಳಿ. ಬಂಪರಿನ ಅಡಿ, ಚಕ್ರದ ಅಂಚು, ಪೆಟ್ರೋಲಿನ ಮುಳ್ಳು, ಓಡಿದ ಕಿಲೋಮೀಟರ್ ಒಂದನ್ನೂ ಬಿಡಬೇಡಿ. ಬೋರ್ಡಿನ ಬಣ್ಣವನ್ನು ಅದಕ್ಕೂ ಮೊದಲು ನೋಡಿ. ಅಮೆರಿಕದಲ್ಲಿ ಭಾವ ತಪ್ಪದೆ ಫೋಟೊ ತೆಗೆಯುತ್ತಾರಂತೆ. ಇಲ್ಲಿ “ನಮ್ಮವರಲ್ಲವೇ” ಎಂದು ಸುಮ್ಮನಾದರಂತೆ. ರಸೀದಿ ಇಲ್ಲ. ದೂರು ಕೊಡೋಣವೆಂದರೆ, ಸ್ನೇಹಿತರ ಕಾರು ಎಂದುಕೊಂಡು ತಿರುಗಿದವರು ಯಾರ ಮೇಲೆ ದೂರು ಕೊಡುವುದು?

ಮನೆಗೆ ಬಂದ ಮೇಲೆ ಅಕ್ಕನಿಗೆ ಬಾಟಲಿ ನೆನಪಾಯಿತು. ಸೀಟಿನ ಕೆಳಗೆ ಉರುಳಿ ಅಲ್ಲೇ ಉಳಿದಿತ್ತು. ಕೂಡಲೇ ಫೋನ್ ಮಾಡಿದಳು. ಠೇವಣಿಯ ವಿಷಯ ಎತ್ತಲೇ ಇಲ್ಲ, ನೀರಿನ ಬಾಟಲಿಯೊಂದಿದೆ, ಎತ್ತಿಡಿ ಎಂದಳು. ಆ ಕಡೆಯ ಹುಡುಗ ಅದರಲ್ಲಿದ್ದ ನೀರನ್ನು ಆಗಲೇ ಮುಂದಿನ ಗಾಜು ತೊಳೆಯಲು ಬಳಸಿಬಿಟ್ಟಿದ್ದ. ಗಾಜಿನ ಮೇಲೆ ಕಮಾನಿನಂತೆ ಎರಡು ಗೆರೆಗಳಿದ್ದವಂತೆ, ಎಷ್ಟು ಉಜ್ಜಿದರೂ ಹೋಗಲಿಲ್ಲವಂತೆ.